ಉದ್ಯಾನದಲ್ಲಿ ವಾರದ ಪಂಕ್ತಿ: ಮುಂಬಯಿಯಲ್ಲಿ ಉಚಿತ ಊಟ ಬಡಿಸಲು ಹೊರಟವರಿಗೆ

ಕ್ಯಾನ್ಸರ್ ಚಿಕಿತ್ಸೆಯ ಟಾಟಾ ಮೆಮೋರಿಯಲ್, ಕೆ.ಇ.ಎಮ್. ಮತ್ತು ವಾಡಿಯಾ ಆಸ್ಪತ್ರೆಗಳು ಪರೇಲಿನಲ್ಲಿ ಒಂದಕ್ಕೊಂದು ತಾಗಿದಂತೆ ಇರುವುದರಿಂದ, ಆ ಬೀದಿಗಳ ಫುಟ್‌ಪಾತಿನಲ್ಲಿ ವರ್ಷವಿಡೀ ರೋಗಿಗಳ ಮನೆಯವರು ಗಂಟುಮೂಟೆ ಇಟ್ಟುಕೊಂಡು ಕುಳಿತಿರುವುದನ್ನು ಮುಂಬಯಿಯ ಕನ್ನಡಿಗರೆಲ್ಲ ನೋಡಿಯೇ ಇರುತ್ತೀರಿ. ಬಿಹಾರ, ಬಂಗಾಳ, ಉತ್ತರ ಪ್ರದೇಶಗಳಿಂದ ಬಂದವರ ನಡುವೆ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಇರುತ್ತಾರೆ. ಇಂಥವರಿಗಾಗಿ ಹತ್ತಿರದ ಪಾಲಿಕೆ ಉದ್ಯಾನದಲ್ಲಿ ವಾರಕ್ಕೊಮ್ಮೆ ಊಟ ಬಡಿಸಬೇಕೆಂದು ಮಾಟುಂಗಾ, ವಡಾಲಾ, ಸಯನ್ ಕಡೆಯ ಹಲವರು ನನ್ನನ್ನು ವಿಚಾರಿಸಿದ್ದಾರೆ. ನಮ್ಮ ಹದಿಮೂರು ಮನೆಗಳ ಗುಂಪು ಕಲಿತದ್ದನ್ನು ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನಿರ್ಧರಿಸಬೇಕಾದದ್ದು, ನೀವು ಎಷ್ಟು ಜನರಿಗೆ ಬಡಿಸಬಲ್ಲಿರಿ ಎಂಬುದಲ್ಲ. ಜುಲೈ ತಿಂಗಳ ಮಳೆಯಲ್ಲಿ, ಇಬ್ಬರು ಊರಿಗೆ ಹೋಗಿರುವಾಗ, ಮತ್ತೊಬ್ಬರಿಗೆ ಜ್ವರ ಬಂದಿರುವಾಗ ಎಷ್ಟು ಜನರಿಗೆ ಬಡಿಸಬಲ್ಲಿರಿ ಎಂಬುದು. ಆ ಸಂಖ್ಯೆಯೇ ನಿಮ್ಮ ನಿಜವಾದ ಅಳತೆ. ತಿಂಗಳುಗಟ್ಟಲೆ ಚಿಕಿತ್ಸೆಗೆಂದು ಬಂದಿರುವ ಕುಟುಂಬಕ್ಕೆ ಒಂದು ದಿನದ ಹೋಳಿಗೆ ಊಟಕ್ಕಿಂತ, ಭಾನುವಾರ ಹನ್ನೆರಡೂವರೆಗೆ ಆ ಮರದ ಕೆಳಗೆ ಊಟ ಇದ್ದೇ ಇರುತ್ತದೆ ಎಂಬ ನಂಬಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರು ಆ ದಿನದ ಹಣವನ್ನು ಔಷಧಿಗೆ ಎತ್ತಿಡುತ್ತಾರೆ. ನಾವು ಹೇಳದೆ ಕೇಳದೆ ಒಂದು ವಾರ ತಪ್ಪಿಸಿದರೆ ಅವರ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಅರುವತ್ತು ಜನರಿಂದ ಆರಂಭಿಸಿ ಎಂದು ನಾನು ಹೇಳುತ್ತೇನೆ. ಇನ್ನೂರು ಜನರಿಗೆಂದು ಆರಂಭಿಸಿ ಮೂರು ತಿಂಗಳಿಗೆ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ಸ್ಥಳದ ವಿಚಾರಕ್ಕೆ ಬಂದರೆ, ಉದ್ಯಾನದ ಕಾವಲುಗಾರರ ಬಾಯಿಮಾತಿನ ಒಪ್ಪಿಗೆಯನ್ನು ಅನುಮತಿಯೆಂದು ಭಾವಿಸಬಾರದು, ಏಕೆಂದರೆ ಕಾವಲುಗಾರರು ಬದಲಾದ ದಿನ ಆ ಒಪ್ಪಿಗೆಯೂ ಹೋಗುತ್ತದೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಆಡಳಿತ ವಾರ್ಡುಗಳಲ್ಲಿ ಹಂಚಿಕೆಯಾಗಿದೆ. ಪರೇಲ್ ಭಾಗ ಎಫ್ ದಕ್ಷಿಣ ವಾರ್ಡಿಗೆ ಸೇರಿದರೆ ಮಾಟುಂಗಾ, ಸಯನ್ ಭಾಗಗಳು ಎಫ್ ಉತ್ತರಕ್ಕೆ ಸೇರುತ್ತವೆ. ಸಂಬಂಧಪಟ್ಟ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಅರ್ಜಿಯನ್ನು ಮರಾಠಿಯಲ್ಲೇ ಬರೆದು ಕೊಡಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಪೋಚ್‌ಪಾವತಿಯನ್ನು, ಎಂದರೆ ಅರ್ಜಿ ತಲುಪಿದ್ದಕ್ಕೆ ರಸೀದಿಯನ್ನು, ಜೋಪಾನವಾಗಿಡಿ, ಮತ್ತೊಂದು ಪ್ರತಿಯನ್ನು ಸ್ಥಳೀಯ ಪೊಲೀಸ್ ಠಾಣೆಗೂ ಮುಟ್ಟಿಸಿ. ಅರ್ಜಿಯಲ್ಲಿ ದಿನ, ಗಂಟೆ, ಜನಸಂಖ್ಯೆ, ಉದ್ಯಾನದೊಳಗೆ ಒಲೆ ಹಚ್ಚುವುದಿಲ್ಲ ಎಂಬ ಮಾತು, ಕಸವನ್ನು ಯಾರು ಎತ್ತುತ್ತಾರೆ ಎಂಬ ವಿವರ ಇವಿಷ್ಟು ಸ್ಪಷ್ಟವಾಗಿರಬೇಕು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ ಮೂರು ಕೆಲಸದ ದಿನಗಳ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಅರುವತ್ತರ ಮಿತಿಯಲ್ಲಿರಲು ಇದೂ ಒಂದು ಕಾರಣ. ಊಟ ಉಚಿತವಾದ್ದರಿಂದ ಆಹಾರ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದು ಅನೇಕರು ತಿಳಿದಿರುತ್ತಾರೆ. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಆಹಾರ ವ್ಯವಹಾರವನ್ನು ವಿವರಿಸುವಾಗ ಲಾಭಕ್ಕಾಗಿ ನಡೆಸಿದರೂ ಇಲ್ಲದಿದ್ದರೂ ಎಂದೇ ಹೇಳಿರುವುದರಿಂದ, ನಿಯಮಿತವಾಗಿ ಬಡಿಸುವವರು ನೋಂದಣಿ ಮಾಡಿಸಿಕೊಳ್ಳುವುದು ಸರಿಯಾದ ದಾರಿ.

ಅಡುಗೆ ಒಂದೇ ಪಾತ್ರೆಯದ್ದಾಗಿರಲಿ. ಅನ್ನ, ಸಾರು, ಪಲ್ಯ, ಹಪ್ಪಳ ಎಂದು ಹೊರಟರೆ ಸಾಗಿಸುವ ಪಾತ್ರೆಗಳು ಹೆಚ್ಚುತ್ತವೆ, ಬಡಿಸುವ ಕೈಗಳು ಹೆಚ್ಚು ಬೇಕಾಗುತ್ತವೆ, ಅವುಗಳಲ್ಲಿ ಒಂದು ಆರಿದರೂ ಊಟ ಕೆಡುತ್ತದೆ. ನಾವು ಹೆಚ್ಚಾಗಿ ಮಾಡುವುದು ಬಿಸಿಬೇಳೆಬಾತು. ಅರುವತ್ತು ಜನರಿಗೆ ನಾಲ್ಕೂವರೆ ಕಿಲೋ ಅಕ್ಕಿ, ಎರಡೂಕಾಲು ಕಿಲೋ ತೊಗರಿಬೇಳೆ, ಐದು ಕಿಲೋ ತರಕಾರಿ ಸಾಕು. ನೀರು ಸೇರಿ ಬೆಂದಾಗ ಒಬ್ಬರಿಗೆ ಹತ್ತಿರ ಹತ್ತಿರ ಅರ್ಧ ಕಿಲೋ ಬರುತ್ತದೆ, ಎಂದರೆ ಎರಡನೆಯ ಸಲ ಕೇಳಿದವರಿಗೂ ಇಲ್ಲವೆನ್ನಬೇಕಾಗುವುದಿಲ್ಲ. ಮುಂಬಯಿಯ ಅಡುಗೆಯವರು ಟೋಪು ಎನ್ನುವ ಇಪ್ಪತ್ತು ಲೀಟರಿನ ಎರಡು ಪಾತ್ರೆಗಳಲ್ಲಿ ಇದು ಸಲೀಸಾಗಿ ಹಿಡಿಯುತ್ತದೆ.

ಅಕ್ಕಿಯನ್ನು ಕೂಡಿಸಲು ನಮ್ಮ ಅಜ್ಜಿಯಂದಿರ ಮುಷ್ಟಿ ಅಕ್ಕಿಯ ಪದ್ಧತಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದಿನವೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿಯನ್ನು ಬೇರೆ ಡಬ್ಬಿಗೆ ಹಾಕಿದರೆ, ಮುಷ್ಟಿಗೆ ಸುಮಾರು 50 ಗ್ರಾಮಿನಂತೆ ವಾರಕ್ಕೆ 350 ಗ್ರಾಂ ಆಗುತ್ತದೆ. ಹದಿಮೂರು ಮನೆಗಳಿಂದ ನಾಲ್ಕೂವರೆ ಕಿಲೋ ತಾನಾಗಿಯೇ ಕೂಡುತ್ತದೆ. ಇದರಲ್ಲಿ ಒಂದೇ ಎಚ್ಚರ ಬೇಕು. ನಮ್ಮ ಮೊದಲ ವಾರದ ಡಬ್ಬಿಗಳಲ್ಲಿ ಮಂಗಳೂರು ಕಡೆಯವರ ಮನೆಯ ಕುಚ್ಚಲಕ್ಕಿ, ಮತ್ತೊಬ್ಬರ ಮನೆಯ ಸೋನಾ ಮಸೂರಿ, ಇನ್ನೊಬ್ಬರ ಮನೆಯ ಬಾಸ್ಮತಿ ಎಲ್ಲವೂ ಬೆರೆತು, ಒಂದು ಬೆಂದು ಮುದ್ದೆಯಾದರೂ ಇನ್ನೊಂದು ಹಲ್ಲಿಗೆ ಸಿಗುತ್ತಿತ್ತು. ಈಗ ಎಲ್ಲರೂ ಇಲ್ಲಿ ಸುಲಭವಾಗಿ ಸಿಗುವ ಕೋಲಂ ಅಕ್ಕಿಯನ್ನೇ ಎತ್ತಿಡಬೇಕೆಂದು ಮಾತಾಗಿದೆ. ಹಣವನ್ನು ಮಾತ್ರ ಆದಷ್ಟು ಕಡಿಮೆ ಮುಟ್ಟಿ. ಬೇಳೆ, ಎಣ್ಣೆ, ತರಕಾರಿಗಳನ್ನು ಸರದಿಯ ಮೇಲೆ ಒಂದೊಂದು ಮನೆಯವರು ತಂದುಕೊಟ್ಟರೆ ಲೆಕ್ಕದ ಜಗಳವೇ ಹುಟ್ಟುವುದಿಲ್ಲ.

ಉಣ್ಣುವವರು ಯಾರು ಎಂಬುದರ ಮೇಲೆ ರುಚಿಯನ್ನು ತಿದ್ದಿಕೊಳ್ಳಬೇಕು. ಕೀಮೋಥೆರಪಿ ನಡೆಯುತ್ತಿರುವ ಅನೇಕರಿಗೆ ಬಾಯಲ್ಲಿ ಹುಣ್ಣಾಗಿರುತ್ತದೆ, ಖಾರ ಮತ್ತು ಹುಳಿ ಉರಿಯುತ್ತವೆ. ಸೋಂಕು ತಡೆಯುವ ಶಕ್ತಿ ಕುಗ್ಗಿರುವುದರಿಂದ ಹಸಿ ಸೌತೆಕಾಯಿಯ ಕೋಸಂಬರಿ, ಮೇಲೆ ಉದುರಿಸುವ ಹಸಿ ಕೊತ್ತಂಬರಿ, ಹೊರಗಿನ ಚಟ್ನಿ ಇವೆಲ್ಲ ಅವರ ತಟ್ಟೆಗೆ ಬರಬಾರದು. ಆದ್ದರಿಂದ ಖಾರ, ಹುಣಸೆ, ಒಗ್ಗರಣೆ ಯಾವುದೂ ಇಲ್ಲದೆ ಮೆತ್ತಗೆ ಬೇಯಿಸಿದ ಹೆಸರುಬೇಳೆಯ ಪೊಂಗಲನ್ನು ಒಂದು ಸಣ್ಣ ಪಾತ್ರೆಯಲ್ಲಿ ಪ್ರತ್ಯೇಕವಾಗಿ ಒಯ್ಯಿರಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳು ಇಲ್ಲದ್ದರಿಂದ ಜೈನರಿಗೂ ಅದು ಸಲ್ಲುತ್ತದೆ. ವೈದ್ಯರು ಪಥ್ಯ ಹೇಳಿದ್ದರೆ ಅವರ ಮಾತೇ ಮೇಲು, ಒತ್ತಾಯ ಬೇಡ. ಕಡಲೆಕಾಯಿ, ಗೋಡಂಬಿ ಹಾಕಿದ್ದರೆ ಬಡಿಸುವ ಮೊದಲೇ ಗಟ್ಟಿಯಾಗಿ ಹೇಳಬೇಕು.

ಈಗ ನಾನು ಅತ್ಯಂತ ಒತ್ತಿ ಹೇಳಬೇಕಾದ ವಿಷಯ ಒಲೆಯಿಂದ ತಟ್ಟೆಯವರೆಗಿನ ಸಮಯ. ಬೆಂದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಷ್ಟು ಹೊತ್ತೂ ಅದರಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಅನ್ನದಲ್ಲಿ ಇನ್ನೊಂದು ತೊಂದರೆಯಿದೆ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯದೆ ಉಳಿದು, ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಹಿಂದಿನ ರಾತ್ರಿ ಬೇಯಿಸಿಡುವ ಯೋಚನೆಯೇ ಬೇಡ. ನಮ್ಮ ಕ್ರಮ ಹೀಗಿದೆ: ವಡಾಲಾದ ಒಂದು ಮನೆಯಲ್ಲಿ ಒಂಬತ್ತೂವರೆಗೆ ಒಲೆ ಹಚ್ಚುತ್ತೇವೆ, ಹನ್ನೊಂದೂಮುಕ್ಕಾಲಕ್ಕೆ ಕುದಿಯುವ ಬಾತನ್ನೇ ಥರ್ಮಾಸಿನಂಥ ದಪ್ಪಗೋಡೆಯ ಡಬ್ಬಗಳಿಗೆ ತುಂಬುತ್ತೇವೆ, ಹನ್ನೆರಡಕ್ಕೆ ಹೊರಡುತ್ತೇವೆ. ಉದ್ಯಾನದಲ್ಲಿ ಮುಚ್ಚಳ ತೆಗೆದ ಕೂಡಲೇ ಅಡುಗೆ ಥರ್ಮಾಮೀಟರನ್ನು ನಡುಭಾಗಕ್ಕೆ ಚುಚ್ಚಿ ನೋಡುತ್ತೇವೆ. ಅರುವತ್ತಕ್ಕಿಂತ ಮೇಲಿದ್ದರೆ ಬಡಿಸುತ್ತೇವೆ. ಒಂದು ಮೇ ತಿಂಗಳಲ್ಲಿ, ಈ ಉಪಕರಣ ಇನ್ನೂ ಇಲ್ಲದಿದ್ದಾಗ, ತೆಂಗಿನಕಾಯಿ ಹಾಕಿದ ಪಲ್ಯವನ್ನು ಬೆಳಿಗ್ಗೆ ಎಂಟಕ್ಕೇ ಮಾಡಿ ಬಿಸಿಯಲ್ಲೇ ಮುಚ್ಚಿಟ್ಟಿದ್ದೆವು. ಬಡಿಸುವ ಹೊತ್ತಿಗೆ ಅದು ಲೋಳೆಯಾಗಿ ಹುಳಿವಾಸನೆ ಬರುತ್ತಿತ್ತು. ಜನ ಕುಳಿತಾಗಿತ್ತು. ಪಲ್ಯವನ್ನು ಚೆಲ್ಲಿ, ಹತ್ತಿರದ ಗಾಡಿಯಿಂದ ಐದು ಡಜನ್ ಬಾಳೆಹಣ್ಣು ತಂದು ಬರಿಯ ಅನ್ನ ಸಾರಿನ ಜೊತೆಗೆ ಕೊಟ್ಟೆವು. ಮೂಸಿ ನೋಡಿ ತಿಳಿಯುವಷ್ಟು ಕೆಟ್ಟದ್ದು ನಮ್ಮ ಅದೃಷ್ಟ. ವಾಸನೆಯೇ ಬಾರದಂತೆ ಕೆಡುವ ಆಹಾರವೂ ಇದೆ.

ಇದೇ ಕಾರಣಕ್ಕೆ ಮದುವೆ ಮಂಟಪಗಳಲ್ಲಿ ಉಳಿದ ಅಡುಗೆಯನ್ನು ಯಾರಾದರೂ ಪ್ರೀತಿಯಿಂದ ಕೊಡಬಂದರೂ ನಾವು ಕೈಮುಗಿದು ಬೇಡವೆನ್ನುತ್ತೇವೆ. ಮಿಕ್ಕಿದ ಆಹಾರದ ಸಂಗ್ರಹಣೆ ಮತ್ತು ವಿತರಣೆಗೆ 2019ರಲ್ಲಿ ಪ್ರತ್ಯೇಕ ನಿಯಮಾವಳಿಯೇ ಬಂದಿದೆ. ತಂಪುಪೆಟ್ಟಿಗೆ, ವಾಹನ, ತರಬೇತಿ ಇರುವ ಸಂಸ್ಥೆಗಳು ಆ ಕೆಲಸವನ್ನು ಮಾಡಲಿ. ಎಷ್ಟು ಹೊತ್ತಿಗೆ ಬೆಂದದ್ದೆಂದು ನಮಗೆ ತಿಳಿಯದ ಅಡುಗೆಯನ್ನು ರೋಗಿಗಳಿಗೆ ಬಡಿಸುವ ಹಕ್ಕು ನಮಗಿಲ್ಲ.

ಸಾಗಾಟದಲ್ಲಿ ಮುಂಬಯಿಗೇ ವಿಶಿಷ್ಟವಾದ ಕೆಲವು ತೊಡಕುಗಳಿವೆ. ಆಟೋರಿಕ್ಷಾಗಳು ಸಯನ್, ಮಾಹಿಮ್ ದಾಟಿ ದ್ವೀಪನಗರದೊಳಕ್ಕೆ ಬರುವಂತಿಲ್ಲವಾದ್ದರಿಂದ, ಚೆಂಬೂರು ಕಡೆ ಅಡುಗೆ ಮಾಡುವವರು ಮೊದಲೇ ಟ್ಯಾಕ್ಸಿ ಅಥವಾ ಟೆಂಪೋ ಗೊತ್ತುಮಾಡಿಕೊಳ್ಳಬೇಕು. ಭಾನುವಾರವೆಂದರೆ ರೈಲ್ವೆಯ ಮೆಗಾ ಬ್ಲಾಕ್, ಎಂದರೆ ಹಳಿಗಳ ದುರಸ್ತಿಗಾಗಿ ಕೆಲವು ಗಂಟೆ ರೈಲು ಸಂಚಾರ ಕಡಿಮೆಯಾಗುವ ದಿನ. ಮಾಟುಂಗಾ–ಮುಲುಂಡ್ ನಡುವೆ ಅದು ಆಗಾಗ ಬರುವುದರಿಂದ ಡೊಂಬಿವಲಿ, ಠಾಣೆಯಿಂದ ಬರುವ ಸ್ವಯಂಸೇವಕರಿಗೆ ಶನಿವಾರ ರಾತ್ರಿಯೇ ನೆನಪಿಸಬೇಕು. ಮಳೆಗಾಲದಲ್ಲಿ ಹಿಂದ್‌ಮಾತಾ ಚೌಕದಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಜೋರು ಮಳೆಯ ದಿನ ಸಮುದ್ರದ ಉಬ್ಬರದ ವೇಳೆಯನ್ನು ನೋಡಿಕೊಂಡು ಅರ್ಧ ಗಂಟೆ ಬೇಗ ಹೊರಡಿ, ಉದ್ಯಾನದಲ್ಲಿ ಸೂರಿಲ್ಲದಿದ್ದರೆ ಬದಲಿ ಜಾಗವೊಂದನ್ನು ಜೂನ್‌ಗೆ ಮೊದಲೇ ಕೇಳಿ ಒಪ್ಪಿಸಿಟ್ಟುಕೊಳ್ಳಿ.

ಬಡಿಸುವಾಗ ಸಾಲಿನಲ್ಲಿ ನಿಲ್ಲಿಸಬೇಡಿ, ಪಂಕ್ತಿಯಲ್ಲಿ ಕೂರಿಸಿ. ಬಿಸಿಲಿನಲ್ಲಿ ತಟ್ಟೆ ಹಿಡಿದು ನಿಂತವರು ತಮ್ಮ ಸರದಿ ಬರುವವರೆಗೆ ಮುಗಿದುಹೋದೀತೆಂದು ಹೆದರುತ್ತಾರೆ, ಮುದುಕರು ಹಿಂದೆ ಬೀಳುತ್ತಾರೆ. ಜಮಖಾನ ಹಾಸಿ, ಬಗ್ಗಲಾಗದವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ನಾವೇ ಅವರ ಬಳಿಗೆ ಹೋಗಿ ಬಡಿಸಿದರೆ ಅದು ಊಟವೆನಿಸುತ್ತದೆ. ಸ್ವಯಂಸೇವಕರಲ್ಲಿ ನಾಲ್ಕು ಜನ ಕಡ್ಡಾಯವಾಗಿ ಪಂಕ್ತಿಯಲ್ಲೇ ಕುಳಿತು ಉಣ್ಣಬೇಕೆಂಬುದು ನಮ್ಮ ನಿಯಮ. ಕಳೆದ ಚಳಿಗಾಲದಲ್ಲಿ ಇಳಕಲ್ ಸೀರೆ ಉಟ್ಟ ಒಬ್ಬ ತಾಯಿ ತಟ್ಟೆಯನ್ನು ಮುಟ್ಟದೆ ಸೆರಗಿನ ತುದಿ ಹಿಂಡುತ್ತ ಕುಳಿತಿದ್ದರು. ನಮ್ಮವರೊಬ್ಬರು ಪಕ್ಕದಲ್ಲಿ ಕುಳಿತು, "ಉಣ್ರಿ ಯವ್ವಾ, ಆರತೈತಿ" ಎಂದಾಗ ಅವರು ತಿರುಗಿ ನೋಡಿ, "ನೀವು ಯಾವ ಊರವ್ರಿ?" ಎಂದು ಕೇಳಿದರು. ಆಮೇಲೆ ಸಣ್ಣ ಸ್ಟೀಲ್ ಡಬ್ಬಿಯನ್ನು ಚೀಲದಿಂದ ತೆಗೆದು, ವಾರ್ಡಿನಲ್ಲಿ ಮಲಗಿರುವ ಮಗನಿಗೆ ಪೊಂಗಲು ಕೇಳಿದರು; ಡಬ್ಬಿ ತುಂಬಿದ ಮೇಲೆಯೇ ತಾವು ತುತ್ತೆತ್ತಿದರು. ಅಂದಿನಿಂದ ಡಬ್ಬಿ ತಂದವರಿಗೆ ಮೊದಲು ಡಬ್ಬಿ ತುಂಬಿಕೊಟ್ಟು, ಎರಡು ಗಂಟೆಯೊಳಗೆ ತಿನ್ನಿಸಬೇಕೆಂದು ಹೇಳಿ, ಆಮೇಲೆ ಪಂಕ್ತಿಗೆ ಬಡಿಸುತ್ತೇವೆ. ಉಣ್ಣುವವರ ಫೋಟೋವನ್ನು ಯಾರೂ, ಯಾವ ಕಾರಣಕ್ಕೂ ತೆಗೆಯಕೂಡದು. ರೋಗ ಏನು, ಊರು ಯಾವುದು, ಗುರುತಿನ ಚೀಟಿ ಇದೆಯೇ ಎಂದು ನಾವಾಗಿ ಕೇಳುವುದೂ ಬೇಡ.

ತಟ್ಟೆಗೆ ಅಡಿಕೆ ಹಾಳೆ ಒಳ್ಳೆಯದು, ಮಾಟುಂಗಾ ಸ್ಟೇಷನ್ ಬಳಿ ಸಿಗುವ ಬಾಳೆಲೆಯೂ ಆದೀತು. ಪ್ಲಾಸ್ಟಿಕ್ ಮತ್ತು ಥರ್ಮಾಕೋಲ್ ತಟ್ಟೆಗಳು ಮಹಾರಾಷ್ಟ್ರದಲ್ಲಿ 2018ರಿಂದಲೇ ನಿಷಿದ್ಧ; ಕಾಗದದಂತೆ ಕಾಣುವ, ಒಳಗೆ ಪ್ಲಾಸ್ಟಿಕ್ ಪದರವಿರುವ ತಟ್ಟೆಗಳನ್ನೂ ದೂರವಿಡಿ. ಕುಡಿಯಲು ಮತ್ತು ಕೈತೊಳೆಯಲು ಸೇರಿ ತಲೆಗೊಂದು ಲೀಟರಿನಂತೆ ಇಪ್ಪತ್ತು ಲೀಟರಿನ ಮೂರು ಕ್ಯಾನು ಬೇಕು, ನಾಲ್ಕನೆಯದನ್ನು ಇಟ್ಟುಕೊಳ್ಳಿ. ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆಸಲು ಒಬ್ಬರು ನಲ್ಲಿಯಿರುವ ಕ್ಯಾನಿನ ಬಳಿಯೇ ನಿಂತಿರಲಿ. ಹಸಿ ಕಸ, ಒಣ ಕಸಗಳಿಗೆ ಬೇರೆ ಬೇರೆ ಚೀಲ ಕಟ್ಟಿ, ಜಮಖಾನ ಎತ್ತಿದ ಮೇಲೆ ಹುಲ್ಲಿನ ಮೇಲೆ ಬಿದ್ದ ಅಗುಳುಗಳನ್ನೂ ಆರಿಸಿ. ಕಾಗೆ, ಇಲಿ ಬಂದರೆ ಬೆಳಗಿನ ನಡಿಗೆಯವರು ದೂರು ಕೊಡುತ್ತಾರೆ, ಆ ದೂರು ನ್ಯಾಯವಾದದ್ದೇ ಆಗಿರುತ್ತದೆ.

ಹೊರಡುವ ಮುನ್ನ, ಪಾತ್ರೆಗಳು ಟ್ಯಾಕ್ಸಿಗೆ ಏರುವ ಹೊತ್ತಿನಲ್ಲಿಯೇ, ಒಂದು ಪುಸ್ತಕದಲ್ಲಿ ಉಂಡವರ ಸಂಖ್ಯೆ, ಮುಚ್ಚಳ ತೆಗೆದಾಗಿನ ಶಾಖ, ಉಳಿದ ಅಥವಾ ಸಾಲದೆ ಹೋದ ಪ್ರಮಾಣ, ಮುಂದಿನ ಭಾನುವಾರ ಬೇಳೆ ತರುವ ಮನೆ ಯಾವುದು, ಒಲೆಯ ಬಳಿ ಯಾರು, ಟ್ಯಾಕ್ಸಿ ಯಾರ ಪಾಲು ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಕಾವಲುಗಾರರಿಗೆ ಜಾಗ ತೋರಿಸಿ, ಎದ್ದು ಹೋಗುತ್ತಿರುವವರಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಮುಂದಿನ ಭಾನುವಾರವೂ ಹನ್ನೆರಡೂವರೆಗೆ ಇಲ್ಲಿಯೇ ಎಂದು ಇನ್ನೊಮ್ಮೆ ಹೇಳಿ ಬನ್ನಿ.