ಎಕ್ಸ್‌ಟೆನ್ಶನ್ ಬೇಡ, ಕೆಟ್ಟ ಲಿಂಕನ್ನು ಫೋನೇ ತಡೆಯಲಿ

ಅಮ್ಮನ ವಾಟ್ಸಾಪ್‌ಗೆ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇಲ್ಲಿ ಕಟ್ಟಿ’ ಅಂತ ಒಂದು ಲಿಂಕ್ ಬಂತು. ಅವರ ಹೆಸರಲ್ಲಿ ಗಾಡಿಯೇ ಇಲ್ಲ. ಆದರೂ ಗಾಬರಿಯಲ್ಲಿ ಒತ್ತಿಬಿಟ್ಟರು. ಪುಟ ತೆರೆಯಲಿಲ್ಲ, ಹಿಂದಿನ ವಾರ ಅವರ ಫೋನಿನಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿದ್ದೆ.

ಬ್ರೌಸರ್‌ಗೆ ಎಕ್ಸ್‌ಟೆನ್ಶನ್ (ಬ್ರೌಸರ್ ಒಳಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿದರೆ ಸಾಲದಾ ಅಂತ ಕೇಳುತ್ತೀರಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಿದರೂ ಅದು ಆ ಬ್ರೌಸರ್ ಒಳಗೆ ಮಾತ್ರ ಕೆಲಸ ಮಾಡುತ್ತದೆ, ಬೇರೆ ಆ್ಯಪ್ ತನ್ನೊಳಗೇ ತೆರೆಯುವ ಪುಟ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೇ ಸೆಕ್ಯುರಿಟಿ ಸಾಫ್ಟ್‌ವೇರ್‌ಗಳು ಇನ್ನೂ ಕೆಳಗಿನ ಹಂತದಲ್ಲಿ ಕಾವಲು ಕೂರುತ್ತವೆ.

ಲಿಂಕ್ ಒತ್ತಿದಾಗ ಫೋನ್ ಮೊದಲು ಕೇಳುವುದು ‘ಈ ಹೆಸರಿನ ಸೈಟಿನ ನಂಬರ್ ಏನು?’ ಅಂತ. ಉತ್ತರ ಕೊಡುವುದು ಡಿಎನ್ಎಸ್. ವಂಚನೆಯ ಸೈಟುಗಳ ಪಟ್ಟಿ ಇಟ್ಟುಕೊಂಡ ಡಿಎನ್ಎಸ್ ಆದರೆ ‘ಅಂಥ ಹೆಸರೇ ಇಲ್ಲ’ ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಅದನ್ನು ದಾಟಿದರೂ ಸಂಪರ್ಕದ ಮೊದಲ ಮಾತಿನಲ್ಲಿ ಸೈಟಿನ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ವಿಂಡೋಸ್‌ನಲ್ಲಿ ಆ್ಯಂಟಿವೈರಸ್‌ಗಳು ಅದನ್ನು ನೋಡಿ ಸಂಪರ್ಕ ಕಡಿಯಬಲ್ಲವು, ನೀವು ಯಾವ ಬ್ರೌಸರ್ ಬಳಸಿದರೂ ಸರಿ. ಆಂಡ್ರಾಯ್ಡ್‌ನಲ್ಲಿ ಇಂಥ ಕೆಲವು ಆ್ಯಪ್‌ಗಳು ವಿಪಿಎನ್ (ಫೋನಿನ ಇಂಟರ್ನೆಟ್ ಸಂಚಾರ ಹಾದುಹೋಗುವ ದಾರಿ) ಜಾಗ ಹಿಡಿದು ಇದೇ ಕೆಲಸ ಮಾಡುತ್ತವೆ, ಆಗ ಬೇರೆ ವಿಪಿಎನ್ ಬಳಸಲು ಆಗುವುದಿಲ್ಲ. ಇನ್ನು ಕೆಲವು ಆ್ಯಂಟಿವೈರಸ್‌ಗಳು ಕಂಪ್ಯೂಟರಿನಲ್ಲಿ ತಮ್ಮದೇ ಸರ್ಟಿಫಿಕೇಟ್ ಕೂರಿಸಿ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯಲ್ಲಿ ಬರುವ ಪುಟವನ್ನೂ ಬಿಚ್ಚಿ ಓದುತ್ತವೆ. ಮನೆ ಬಳಕೆಗೆ ಅಷ್ಟು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈಗ ಕೆಲಸಕ್ಕೆ ಬನ್ನಿ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದರೆ ಸೆಟ್ಟಿಂಗ್ಸ್ ತೆರೆದು, ಹುಡುಕುವ ಜಾಗದಲ್ಲಿ ‘ಪ್ರೈವೇಟ್ ಡಿಎನ್ಎಸ್’ (Private DNS) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಅದರೊಳಗೆ ಹೋಸ್ಟ್‌ನೇಮ್ ಕೇಳುವ ಆಯ್ಕೆ ಒತ್ತಿ, ‘ಡಿಎನ್ಎಸ್ ಡಾಟ್ ಕ್ವಾಡ್9 ಡಾಟ್ ನೆಟ್’ (dns.quad9.net) ಅಂತ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಬರೆದು ಸೇವ್ ಮಾಡಿ. ಕ್ವಾಡ್9 ವಂಚನೆಯ ಸೈಟುಗಳನ್ನು ತಡೆಯುವ ಡಿಎನ್ಎಸ್ ಕೊಡುವ, ಲಾಭಕ್ಕಾಗಿ ನಡೆಯದ ಸಂಸ್ಥೆ, ಅದರ ಸೇವೆ 2017ರಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಇದು ವೈಫೈನಲ್ಲೂ ಮೊಬೈಲ್ ಡೇಟಾದಲ್ಲೂ ಕೆಲಸ ಮಾಡುತ್ತದೆ.

ಇಡೀ ಮನೆಗೆ ಬೇಕಾದರೆ ರೌಟರ್‌ನ ಡಿಎನ್ಎಸ್ ಜಾಗದಲ್ಲಿ 9.9.9.9 ಮತ್ತು 149.112.112.112 ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಒಳ್ಳೆಯದು, ಅದು ವಯಸ್ಕರ ಸೈಟುಗಳನ್ನೂ ತಡೆಯುತ್ತದೆ. ರೌಟರ್‌ಗೆ ಹಾಕಿದ ಮೇಲೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ‘ಸೆಕ್ಯೂರ್ ಡಿಎನ್ಎಸ್’ ಅನ್ನುವ ಆಯ್ಕೆಯನ್ನೂ ನೋಡಿ. ಅಲ್ಲಿ ಬೇರೆ ಯಾರದ್ದಾದರೂ ಹೆಸರಿದ್ದರೆ ಬ್ರೌಸರ್ ನಿಮ್ಮ ರೌಟರನ್ನು ಕೇಳುವುದೇ ಇಲ್ಲ.

ಬಳಸುವವರಿಗೆ ಒಂದು ಮಾತು ಮೊದಲೇ ಹೇಳಿಡಿ. ಇಲ್ಲಿ ಕೆಂಪು ಎಚ್ಚರಿಕೆಯ ಪುಟ ಬರುವುದಿಲ್ಲ, ಸುಮ್ನೆ ‘ಸೈಟ್ ಸಿಗುತ್ತಿಲ್ಲ’ ಅಂತ ಬರುತ್ತದೆ. ನಮ್ಮಮ್ಮ ನೆಟ್ ಹೋಯಿತು ಅಂದುಕೊಂಡು ಮೂರು ಸಲ ಒತ್ತಿದ್ದರು. ಇನ್ನು ಹೋಟೆಲ್ಲು, ವಿಮಾನ ನಿಲ್ದಾಣದ ವೈಫೈಗಳಲ್ಲಿ ಲಾಗಿನ್ ಪುಟ ಬರದೆ ಇರಬಹುದು. ಆಗ ಪ್ರೈವೇಟ್ ಡಿಎನ್ಎಸ್ಅನ್ನು ‘ಆಟೋಮ್ಯಾಟಿಕ್’ಗೆ ತಂದು, ಒಳಗೆ ಹೋದ ಮೇಲೆ ಮತ್ತೆ ಹಾಕಿಕೊಳ್ಳಿ.

ಇದರ ಕೈಗೆ ಸಿಗದವೂ ಇವೆ. ಡಿಎನ್ಎಸ್ ನೋಡುವುದು ಸೈಟಿನ ಹೆಸರನ್ನಷ್ಟೇ, ಹಾಗಾಗಿ ಗೂಗಲ್ ಫಾರ್ಮ್‌ನಲ್ಲಿ ಮಾಡಿದ ಮೋಸದ ಅರ್ಜಿಯನ್ನು ಅದು ತಡೆಯಲಾರದು. ಬೆಳಿಗ್ಗೆಯಷ್ಟೇ ಹುಟ್ಟಿದ ಸೈಟು ಪಟ್ಟಿಗೆ ಸೇರಿರದೆ ಇರಬಹುದು. ವಾಟ್ಸಾಪ್‌ನಲ್ಲೇ ಬರುವ ಎಪಿಕೆ ಫೈಲಂತೂ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು) ಈ ದಾರಿಯಲ್ಲಿ ಬರುವುದೇ ಇಲ್ಲ, ಅಂಥದ್ದು ಬಂದರೆ ಮುಟ್ಟದೆ ಅಳಿಸಿ. ದುಡ್ಡು ಹೋಗಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.