ಬೆಳಗಾವಿಯಿಂದ ಹೋಗಿ ಪಣಜಿಯಲ್ಲಿ ಸಂಜೆ ಬೋಟ್ ಹತ್ತೋದು ಹೇಗೆ?

ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಚೋರ್ಲಾ ಘಾಟ್ ಹತ್ತಿರದ ದಾರಿ, ಆದ್ರೆ ಮಳೆಗಾಲದಲ್ಲಿ ಮಂಜು ಜಾಸ್ತಿ.

ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಲ್ಲಿ ಸೂರ್ಯಾಸ್ತದ ಟ್ರಿಪ್ಪಿಗೇ ಟಿಕೆಟ್ ಕೇಳಿ. ಡಿಸೆಂಬರಿನಲ್ಲಿ 6 ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ನಾವು ಒಮ್ಮೆ ಚಹಾ ಕುಡೀತಾ ತಡ ಮಾಡಿ ಮುಂದಿನ ಬೋಟ್ ಹತ್ತಿದಾಗ ಕಂಡಿದ್ದು ಬರೀ ಕತ್ತಲೆ ಮತ್ತು ಕ್ಯಾಸಿನೋ ದೀಪ. ಸುತ್ತಾಟ ಸುಮಾರು ಒಂದು ಗಂಟೆ. ಸ್ಪೀಕರ್ ಮುಂದೆ ಕೂರಬೇಡಿ, ಕಂಬಿ ಪಕ್ಕ ಜಾಗ ಹಿಡಿಯಿರಿ. ಬಿಯರ್ ದುಡ್ಡು ಸಾಮಾನ್ಯವಾಗಿ ಬೇರೆ. ಗಾಳಿಗೆ ಲೋಟದ ನೊರೆ ಅಂಗಿ ಮೇಲೆ ಹಾರುತ್ತೆ, ಅರ್ಧವೇ ತುಂಬಿಸಿಕೊಳ್ಳಿ. ಅಂದಹಾಗೆ ಬೋಟ್ ಸಾಗುವ ಈ ಮಾಂಡವಿ ನದಿ ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯೇ, ಅಲ್ವಾ!

ಗಾಡಿ ಓಡಿಸುವವರಿಗೆ ಸೋಡಾ ಮಾತ್ರ. ಪರ್ಮಿಟ್ ಇಲ್ಲದೆ ಬಾಟಲಿ ತರಬೇಡಿ, ಗಡಿಯಲ್ಲಿ ಡಿಕ್ಕಿ ತೆಗೆಸಿ ನೋಡ್ತಾರೆ.