ನನ್ನ ಅನುಭವ: ಕನ್ನಡದಲ್ಲಿ ಕುಡುಕ ಎಂದು ಹೇಳಿಕೊಂಡದ್ದು

ಕುಡಿತ ಬಿಡಲು ನಾನು ಮಾಡಿದ ಮೊದಲ ಪ್ರಯತ್ನ ಯಾರನ್ನೂ ಕೇಳದೆ ಮಾಡಿದ್ದು. ಯುಗಾದಿಯ ದಿನ ದೇವರ ಮುಂದೆ ಆಣೆಯಿಟ್ಟು, ಬೆಳಿಗ್ಗೆಯಿಂದಲೇ ಶುರುವಾಗುತ್ತಿದ್ದ ಕ್ವಾರ್ಟರುಗಳನ್ನು ಒಮ್ಮೆಲೇ ನಿಲ್ಲಿಸಿದೆ. ಮರುದಿನ ಕೈ ನಡುಗತೊಡಗಿತು, ರಾತ್ರಿ ಫಿಟ್ಸ್ ಬಂದು ಬಚ್ಚಲುಮನೆಯಲ್ಲಿ ಬಿದ್ದೆ. ವರ್ಷಗಟ್ಟಲೆ ದಿನವೂ ಕುಡಿದವನು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣಿಸತೊಡಗಬಹುದು, ಜೀವಕ್ಕೇ ಸಂಚಕಾರ ಬರಬಹುದು ಎಂಬುದು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ಮೇಲಷ್ಟೇ ನನಗೆ ತಿಳಿಯಿತು. ಹಾಗಾಗಿ ಈಗ ಯಾರಾದರೂ ಕೇಳಿದರೆ, ಮೊದಲು ವೈದ್ಯರನ್ನು ನೋಡಿ, ಕುಡಿತ ಬಿಟ್ಟವರ ಗುಂಪಿನ ಮಾತು ಆಮೇಲೆ ಎನ್ನುತ್ತೇನೆ. ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲದವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಕರೆಗೆ ಹಣ ಬೀಳುವುದಿಲ್ಲ.

ಥಯಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು, ನಡುಕ ತಡೆಯುವ ಮಾತ್ರೆ ಎಲ್ಲ ಮುಗಿದು ಮನೆಗೆ ಹೊರಡುವ ದಿನ ಅಲ್ಲಿನ ಆಪ್ತಸಮಾಲೋಚಕಿ ಒಂದು ಚೀಟಿ ಕೊಟ್ಟರು. ಅದರಲ್ಲಿ ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ.ಯ ಬೆಂಗಳೂರಿನ ಗುಂಪುಗಳ ಜಾಗ, ವಾರ, ವೇಳೆ ಬರೆದಿತ್ತು. "ಒಂದೇ ಮೀಟಿಂಗಿಗೆ ಹೋಗಿ ಬೇಡ ಅನ್ನಬೇಡಿ ಸರ್, ಆರಾದರೂ ನೋಡಿ" ಎಂದರು. ಆ ಮಾತಿನ ಬೆಲೆ ಗೊತ್ತಾದದ್ದು ಬಹಳ ತಡವಾಗಿ. ಮೊದಲ ಎರಡು ಭಾನುವಾರ ನಾನು ಗೇಟಿನವರೆಗೆ ಹೋಗಿ, ಪರಿಚಯದವರು ಯಾರಾದರೂ ನೋಡಿಬಿಟ್ಟಾರೆಂದು ಹೆದರಿ, ಎದುರಿನ ಬೇಕರಿಯಲ್ಲಿ ಬನ್ನು ತಿಂದು ಹಿಂದಿರುಗಿದೆ. ಬಾರಿನ ಮುಂದೆ ಹಗಲಲ್ಲೇ ತೂರಾಡುವಾಗ ಇರದಿದ್ದ ನಾಚಿಕೆ ಅದೆಲ್ಲಿಂದ ಬಂದಿತೋ ತಿಳಿಯದು.

ಮೂರನೆಯ ವಾರ ಒಳಗೆ ಹೋದೆ. ಅದು ಇಂಗ್ಲಿಷಿನಲ್ಲಿ ನಡೆಯುವ ಮೀಟಿಂಗು. ಇಂಗ್ಲಿಷ್ ನನಗೆ ಅರ್ಥವಾಗುತ್ತದೆ, ಕಚೇರಿಯಲ್ಲಿ ಅದರಲ್ಲೇ ಪತ್ರ ಬರೆದವನು. ಆದರೆ ಮಗಳ ಶಾಲೆಯ ಶುಲ್ಕಕ್ಕೆ ಇಟ್ಟಿದ್ದ ಹಣವನ್ನು ಕುಡಿದು ಮುಗಿಸಿದ್ದನ್ನು ಆ ಭಾಷೆಯಲ್ಲಿ ಹೇಳಿದಾಗ ಬೇರೆ ಯಾರದೋ ಸಂಗತಿಯನ್ನು ವರದಿ ಮಾಡಿದಂತಿತ್ತು. ಅಲ್ಲಿದ್ದ ಹಿರಿಯರೊಬ್ಬರೇ ಕನ್ನಡದ ಗುಂಪಿನ ವಿಳಾಸ ಕೊಟ್ಟರು.

ಕನ್ನಡದ ಗುಂಪು ಶಾಲೆಯೊಂದರ ಕೊಠಡಿಯಲ್ಲಿ ಸೇರುತ್ತಿತ್ತು. ನಾಲ್ಕನೆಯ ತರಗತಿಯ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಹದಿನೈದು ಮಂದಿ ಗಂಡಸರು, ಒಬ್ಬ ಹೆಂಗಸು. ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ, ಮನೆತನದ ಹೆಸರು ಕೇಳುವವರಿಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತಿ ಬರುತ್ತದೆ, ಇಷ್ಟವಿದ್ದವರು ಹಾಕಿದ ಚಿಲ್ಲರೆಯಲ್ಲೇ ಬಾಡಿಗೆ ಮತ್ತು ಟೀ ನಡೆಯುತ್ತದೆ. ಹೊರಗಿನವರ ದೇಣಿಗೆ ಪಡೆಯಬಾರದೆಂಬುದು ಎ.ಎ.ಯ ಸಂಪ್ರದಾಯ. ಸೇರಲು ಬೇಕಾದ ಅರ್ಹತೆ ಕುಡಿತ ಬಿಡಬೇಕೆಂಬ ಬಯಕೆಯೊಂದೇ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವರು ಮತ್ತು ಒಬ್ಬ ಶಸ್ತ್ರವೈದ್ಯರು, ಇಬ್ಬರೂ ಕುಡುಕರೇ, ಒಬ್ಬರಿಗೊಬ್ಬರು ಹೇಳಿಕೊಂಡು ಕುಡಿಯದೆ ಉಳಿದದ್ದೇ ಇದರ ಮೂಲ ಎಂದು ಅಂದು ಯಾರೋ ಹೇಳಿದರು. ನನ್ನ ಗಮನವಿದ್ದದ್ದು ಮಾತ್ರ ಮೊದಲು ಎದ್ದು ನಿಂತ ಗಾರೆ ಮೇಸ್ತ್ರಿಯ ಮೇಲೆ. ಇತರರು "ಮದ್ಯವ್ಯಸನಿ" ಎನ್ನುತ್ತಿದ್ದರೆ ಅವರು ತಮ್ಮ ಹೆಸರು ಹೇಳಿ "ನಾನೊಬ್ಬ ಕುಡುಕ" ಎಂದರು. ನಮ್ಮ ಮನೆಯಲ್ಲಿ ಬೈಗುಳವಾಗಿಯಷ್ಟೇ ಕೇಳಿದ್ದ ಆ ಪದವನ್ನು ಅವರು ಊರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು. ನನ್ನ ಸರದಿ ಬಂದಾಗ ನನಗೂ ಆ ಪದವೇ ಬಾಯಿಗೆ ಬಂತು, ಶುಲ್ಕದ ಹಣದ ಸಂಗತಿಯೂ ಹೊರಬಂತು. ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬರು ಹೇಳಿದ್ದಕ್ಕೆ ಮತ್ತೊಬ್ಬರು ಉತ್ತರ ಕೊಡುವ ಪದ್ಧತಿಯೇ ಅಲ್ಲಿಲ್ಲ. ಟೀ ಹಂಚುತ್ತಿದ್ದವರು ನನ್ನ ಲೋಟವನ್ನು ಅರ್ಧ ಮಾತ್ರ ತುಂಬಿಸಿದರು. ಪಕ್ಕದವರದು ತುಂಬಿತ್ತು. ಜಿಪುಣತನವೆಂದುಕೊಂಡು ಲೋಟ ಎತ್ತಿದಾಗ ನನ್ನ ಕೈ ನಡುಗಿತು, ಟೀ ಚೆಲ್ಲಲಿಲ್ಲ.

ಎಪ್ಪತ್ತೊಂದನೆಯ ದಿನ ಮಂಡ್ಯ ಕಡೆಯ ಒಂದು ಬೀಗರ ಊಟದಲ್ಲಿ ನಾನು ಕುಡಿದೆ. ವಿವರಿಸುವಂಥದ್ದೇನಿಲ್ಲ; ಮಟನ್ನಿನ ಜೊತೆ ಒಂದೇ ಎಂದರು, ನಾನು ಒಂದಕ್ಕೆ ನಿಲ್ಲಲಿಲ್ಲ. ಆ ಭಾನುವಾರ ಮತ್ತೆ ಹೋಗುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಎಷ್ಟು ದಿನವಾಯಿತೆಂದು ಕೇಳಿದಾಗ "ಎರಡು" ಎಂದೆ. ಮೇಸ್ತ್ರಿ ಬೆಂಚಿನಲ್ಲಿ ಸರಿದು ಜಾಗ ಬಿಟ್ಟರು. ಬಳಿಕ ಅವರೇ ನನ್ನ ಸ್ಪಾನ್ಸರ್, ಅಂದರೆ ಕುಡಿಯದೆ ಇರಲು ದಾರಿ ತೋರುವ ಹಳೆಯ ಸದಸ್ಯ, ಆದರು. ಇಂದಿಗೂ ಮದುವೆಮನೆಗೆ ಹೋಗುವ ಮುನ್ನ ಅವರಿಗೆ ಫೋನ್ ಮಾಡುತ್ತೇನೆ, ಹೊರಟ ಮೇಲೆ ಇನ್ನೊಮ್ಮೆ.

ಊರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಿಟ್ಟದ್ದು ಬೇರೆ ದಾರಿಯಲ್ಲಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದು, ಆಮೇಲೆ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗಳಿಗೆ ಹೋಗುತ್ತಿದ್ದಾನೆ. ಅಲ್ಲಿ ಇಡೀ ಊರಿಗೇ ವಿಷಯ ಗೊತ್ತು, ಭಜನೆಯೂ ಉಂಟು. ನೂರು ಜನರ ಕಣ್ಣು ತನ್ನ ಮೇಲಿದೆ ಎಂಬುದೇ ಅವನಿಗೆ ಬಲ. ನನಗಾದರೆ ಅದೇ ಕಣ್ಣುಗಳ ಭಯದಲ್ಲಿ ಮತ್ತೆ ಬೇಕರಿಯ ಬನ್ನೇ ಗತಿಯಾಗುತ್ತಿತ್ತು. ಹತ್ತಿರದಲ್ಲಿ ಯಾವುದಿದೆ, ಯಾವುದರಲ್ಲಿ ಬಾಯಿ ಬಿಡಲು ಸಾಧ್ಯ ಎಂದು ನೋಡಿ ಆರಿಸಿಕೊಳ್ಳುವುದು ಮೇಲು.

ನನ್ನ ಹೆಂಡತಿ ಈಗ ಕುಡುಕರ ಮನೆಯವರಿಗಾಗಿ ಇರುವ ಅಲ್-ಅನಾನ್ ಗುಂಪಿಗೆ ಹೋಗುತ್ತಾಳೆ. ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಾಳೆಂದು ಅವಳು ತಿಳಿಸಿಲ್ಲ, ನಾನೂ ಕೇಳಿಲ್ಲ. ಅವಳು ಬರುವಷ್ಟರಲ್ಲಿ ಅನ್ನ ಸಾರು ಮಾಡಿಟ್ಟಿರುತ್ತೇನೆ.